200 ಡಾಲರ್ ವಸೂಲಿಗೆ ಹೊರಟ ಸೂಪರ್‌ಹೀರೋ

ನಮಸ್ಕಾರ. ಇವತ್ತು ಮಾರ್ವೆಲ್‌ನ ಒಂದು ಹಳೇ ಕಾಮಿಕ್ ಬಗ್ಗೆ ಮಾತಾಡೋಣ. ಪವರ್ ಮ್ಯಾನ್ ಮತ್ತು ಐರನ್ ಫಿಸ್ಟ್. ಪವರ್ ಮ್ಯಾನ್ ಅಂದರೆ ಲ್ಯೂಕ್ ಕೇಜ್, ಐರನ್ ಫಿಸ್ಟ್ ಅಂದರೆ ಡ್ಯಾನಿ ರ‍್ಯಾಂಡ್. ನೆಟ್‌ಫ್ಲಿಕ್ಸ್ ಸೀರೀಸ್ ನೋಡಿದವರಿಗೆ ಲ್ಯೂಕ್ ಕೇಜ್, ಡ್ಯಾನಿ ರ‍್ಯಾಂಡ್ ಅಂದರೆ ತಕ್ಷಣ ಗೊತ್ತಾಗುತ್ತೆ. ನೋಡದಿದ್ದರೂ ಚಿಂತೆ ಇಲ್ಲ. ಐರನ್ ಫಿಸ್ಟ್ ಸೀರೀಸ್ ಮಟ್ಟಿಗೆ ನೋಡದವರೇ ಪುಣ್ಯವಂತರು.

ಈ ಜೋಡಿ ಬಗ್ಗೆ ಯಾರೇ ಮಾತಾಡಿದರೂ ಗೆಳೆತನ ಅಂತ ಶುರು ಮಾಡ್ತಾರೆ. ಕುಚುಕುಗಳು, ಹಾಗೆ, ಹೀಗೆ. ಸರಿ, ಒಪ್ಪಿದೆ. ಆದರೆ ಗೆಳೆಯರಾಗಿರುವ ಹೀರೋಗಳು ಕಾಮಿಕ್ಸ್‌ನಲ್ಲಿ ಬೇಕಾದಷ್ಟು ಜನ ಇದ್ದಾರೆ. ಇವರು ಬೇರೆಯಾಗಿ ಕಾಣುವುದು ಫೀಸ್ ತಗೊಂಡು ಕೆಲಸ ಮಾಡ್ತಾರೆ ಅನ್ನುವ ಕಾರಣಕ್ಕೆ. ದುಡ್ಡಿನ ಮಾತು ಇದ್ದಾಗಲೆಲ್ಲ ಈ ಕಾಮಿಕ್ ಚೆನ್ನಾಗಿದೆ. ಅದನ್ನು ಬಿಟ್ಟಾಗಲೆಲ್ಲ ಸಪ್ಪೆ.

ಮೊದಲಿಂದ ಹೇಳ್ತೀನಿ. 1972. ಅಮೆರಿಕದಲ್ಲಿ ಕಪ್ಪು ನಾಯಕರ ಆ್ಯಕ್ಷನ್ ಸಿನಿಮಾಗಳು ಜೋರಾಗಿ ಓಡುತ್ತಿದ್ದ ಕಾಲ. ಮಾರ್ವೆಲ್ 'ಲ್ಯೂಕ್ ಕೇಜ್, ಹೀರೋ ಫಾರ್ ಹೈರ್' ಅಂತ ಒಂದು ಕಾಮಿಕ್ ತಂತು. ಬರೆದವರು ಆರ್ಚಿ ಗುಡ್ವಿನ್, ಚಿತ್ರ ಜಾರ್ಜ್ ಟಸ್ಕಾ. ಮಾಡದ ತಪ್ಪಿಗೆ ಜೈಲು ಸೇರಿದ ಕಪ್ಪು ಮನುಷ್ಯ ಕೇಜ್. ಅಲ್ಲಿ ಅವನ ಮೇಲೆ ಒಂದು ವೈದ್ಯಕೀಯ ಪ್ರಯೋಗ ನಡೆಯುತ್ತೆ, ಅವನನ್ನು ಕಂಡರೆ ಆಗದ ಜೈಲು ಅಧಿಕಾರಿ ಯಂತ್ರಕ್ಕೆ ಕೈ ಹಾಕ್ತಾನೆ, ಸಾಯಬೇಕಾದವನ ಚರ್ಮ ಉಕ್ಕಿನಂತಾಗುತ್ತೆ. ಗೋಡೆ ಒಡೆದು ತಪ್ಪಿಸಿಕೊಂಡು ನ್ಯೂಯಾರ್ಕಿಗೆ ಬರ್ತಾನೆ. ಕೈಯಲ್ಲಿ ಕಾಸಿಲ್ಲ. ಒಂದು ಹೋಟೆಲ್‌ನಲ್ಲಿ ದರೋಡೆ ತಡೀತಾನೆ, ಮಾಲೀಕ ಖುಷಿಯಾಗಿ ಒಂದಿಷ್ಟು ದುಡ್ಡು ಕೊಡ್ತಾನೆ. ಅಷ್ಟೇ, ತಲೆಯಲ್ಲಿ ಬಲ್ಬು ಹತ್ತಿತು. ಇದನ್ನೇ ಕಸುಬು ಮಾಡಿಕೊಂಡರೆ ಹೇಗೆ?

ಅಪ್ಪ ಅಮ್ಮನ ಸಮಾಧಿ ಮುಂದೆ ಶಪಥ ಇಲ್ಲ, ದೊಡ್ಡ ಶಕ್ತಿ ದೊಡ್ಡ ಜವಾಬ್ದಾರಿ ಅನ್ನೋ ಉಪದೇಶ ಇಲ್ಲ. ವೇಷದ ಅಂಗಡಿಯಲ್ಲಿ ಸಿಕ್ಕ ಹಳೇ ಡ್ರೆಸ್ಸು, ಹಳದಿ ಅಂಗಿ, ಸೊಂಟಕ್ಕೆ ಸರಪಳಿ. 42ನೇ ಬೀದಿಯಲ್ಲಿ ಜೆಮ್ ಅನ್ನುವ ಟಾಕೀಸಿನ ಮೇಲೆ ಬಾಡಿಗೆ ಆಫೀಸು. ಗಿರಾಕಿ ಬಂದರೆ ಊಟ, ಇಲ್ಲದಿದ್ದರೆ ಇಲ್ಲ. ಸೂಪರ್‌ಹೀರೋಗೂ ತಿಂಗಳ ಕೊನೆಯ ತಾಪತ್ರಯ ಇರುತ್ತೆ ಅಂತ ಇಷ್ಟು ಸಲೀಸಾಗಿ ತೋರಿಸಿದ ಕಾಮಿಕ್ ಆ ಕಾಲಕ್ಕೆ ತುಂಬಾ ಕಡಿಮೆ.

ಈಗ ನನ್ನ ಫೇವರಿಟ್ ಕತೆಗೆ ಬರ್ತೀನಿ. 1973, ಸಂಚಿಕೆ 8 ಮತ್ತು 9, ಬರೆದವರು ಸ್ಟೀವ್ ಎಂಗಲ್‌ಹಾರ್ಟ್. ಡಾಕ್ಟರ್ ಡೂಮ್ ಗೊತ್ತಲ್ವಾ? ಲ್ಯಾಟ್ವೇರಿಯಾ ಅನ್ನುವ ದೇಶದ ದೊರೆ, ಲೋಕವನ್ನೇ ಗೆಲ್ಲಲು ಹೊರಟವನು. ಅವನ ಕೆಲವು ರೋಬೋಟ್‌ಗಳು ತಪ್ಪಿಸಿಕೊಂಡು ನ್ಯೂಯಾರ್ಕ್‌ನಲ್ಲಿ ಕಪ್ಪು ಜನರ ವೇಷ ಹಾಕಿಕೊಂಡು ಅಡಗಿರ್ತವೆ. ಡೂಮ್‌ನ ನಾಡಿನಲ್ಲಿ ಕಪ್ಪು ಜನರೇ ಇಲ್ಲ, ಹುಡುಕೋಕೆ ಯಾರನ್ನು ಕಳಿಸೋದು? ಕೇಜ್‌ನನ್ನು ಗೊತ್ತು ಮಾಡ್ತಾನೆ. ಕೇಜ್ ಕೆಲಸ ಮುಗಿಸಿ ಬರುವಷ್ಟರಲ್ಲಿ ಡೂಮ್ ದುಡ್ಡು ಕೊಡದೆ ಊರಿಗೆ ಹೊರಟು ಹೋಗಿರ್ತಾನೆ.

ಬಾಕಿ ಎಷ್ಟು? 200 ಡಾಲರ್.

ಬೇರೆ ಯಾರಾದರೂ ಆಗಿದ್ದರೆ, ಹೋಗ್ಲಿ ಬಿಡು, ಕೊಟ್ಟೋನು ಕೋಡಂಗಿ ಇಸ್ಕೊಂಡೋನು ಈರಭದ್ರ ಅಂತ ಸುಮ್ನಾಗ್ತಿದ್ರು. ಕೇಜ್ ಏನು ಮಾಡ್ತಾನೆ ಅಂದರೆ ನೆಟ್ಟಗೆ ಫೆಂಟಾಸ್ಟಿಕ್ ಫೋರ್ ಅನ್ನುವ ಸೂಪರ್‌ಹೀರೋ ತಂಡದ ಮನೆಗೆ ಹೋಗಿ ಒಂದು ರಾಕೆಟ್ ಎರವಲು ಕೇಳ್ತಾನೆ, ಅವರೂ ಕೊಡ್ತಾರೆ, ಅದನ್ನು ಹತ್ತಿ ಯುರೋಪಿಗೆ ಹಾರಿ, ಅಲ್ಲಿ ಒಂದು ದಂಗೆ ನಡೀತಿರುವಾಗ ಅದರ ಮಧ್ಯೆ ಅರಮನೆಗೆ ನುಗ್ಗಿ ದೊರೆಯ ಎದುರು ನಿಂತು ಕೇಳೋದು, ನನ್ನ ದುಡ್ಡೆಲ್ಲಿ ಚಿನ್ನ? ಡೂಮ್‌ನ ಲೋಹದ ಕವಚದ ಒಂದೇ ಜಾಗಕ್ಕೆ ಗುದ್ದಿ ಗುದ್ದಿ ಬಿರುಕು ಬಿಡಿಸ್ತಾನೆ. ಕೊನೆಗೆ ವಸೂಲಿ ಮಾಡಿಕೊಂಡೇ ಬರ್ತಾನೆ.

ಜನ ಇದನ್ನು ಜೋಕ್ ಥರ ಶೇರ್ ಮಾಡ್ತಾರೆ. ನಗು ಬರುತ್ತೆ, ನಿಜ. ಆದರೆ ಸನ್ನಿವೇಶ ನೋಡಿ. ಒಬ್ಬ ರಾಜ ಒಬ್ಬ ಕಪ್ಪು ಮನುಷ್ಯನ ಹತ್ತಿರ ಕೆಲಸ ತಗೊಂಡು ಕೂಲಿ ಕೊಡದೆ ಹೋಗಿದ್ದಾನೆ. ರಾಕೆಟ್ಟಿನ ಖರ್ಚು 200 ಡಾಲರಿಗಿಂತ ಎಷ್ಟು ಜಾಸ್ತಿ ಅಂತ ಲೆಕ್ಕ ಹಾಕುವವರಿಗೆ ಈ ಕತೆ ಅರ್ಥವಾಗಲ್ಲ.

ಇನ್ನು ಎರಡನೆಯವನು. ಡ್ಯಾನಿ ರ‍್ಯಾಂಡ್, 1974ರಲ್ಲಿ ಬಂದ. ಬ್ರೂಸ್ ಲೀ ತೀರಿಕೊಂಡು ವರ್ಷ ಆಗಿರಲಿಲ್ಲ, ಕುಂಗ್ ಫೂ ಹುಚ್ಚು ಎಲ್ಲ ಕಡೆ. ಕುನ್‌ಲುನ್ ಅನ್ನುವ ಮಾಯಾನಗರಿಯಲ್ಲಿ ಬೆಳೆದು, ಡ್ರ್ಯಾಗನ್ ಜೊತೆ ಹೋರಾಡಿ ಮುಷ್ಟಿಯ ಶಕ್ತಿ ಪಡೆದ ಬಿಳಿ ಹುಡುಗ. ಏಷ್ಯಾದ ವಿದ್ಯೆಗೆ ಬಿಳಿಯನೇ ವಾರಸುದಾರ ಆಗಬೇಕಾ ಅನ್ನುವ ತಕರಾರು 2017ರ ಸೀರೀಸ್ ಹೊತ್ತಿಗೆ ಜೋರಾಯಿತು. ನ್ಯಾಯವಾದ ತಕರಾರೇ. ಜೊತೆಗೆ ಇವನಿಗೆ ಅಪ್ಪನ ದೊಡ್ಡ ಕಂಪನಿಯ ಆಸ್ತಿ ಬೇರೆ.

ಇಬ್ಬರ ಕಾಮಿಕ್ಕೂ ಸರಿಯಾಗಿ ಮಾರಾಟ ಆಗಲಿಲ್ಲ. ಆಗ ಮಾರ್ವೆಲ್ ಇಬ್ಬರನ್ನೂ ಸೇರಿಸಿ ಒಂದು ಪುಸ್ತಕ ಮಾಡಿತು. ಕೇಜ್ ಕಾಮಿಕ್ಕಿನ 1978ರ 50ನೇ ಸಂಚಿಕೆಯಿಂದ ಹೆಸರು 'ಪವರ್ ಮ್ಯಾನ್ ಆ್ಯಂಡ್ ಐರನ್ ಫಿಸ್ಟ್'. ಶುರುವಿನ ಕತೆ ಕ್ರಿಸ್ ಕ್ಲೇರ್‌ಮಾಂಟ್ ಮತ್ತು ಜಾನ್ ಬರ್ನ್ ಅವರದು. ಆಮೇಲೆ ಬಂದ ಮೇರಿ ಜೋ ಡಫಿ ಅದಕ್ಕೆ ತಮಾಷೆ ತಂದರು. ಪಾರ್ಕ್ ಅವೆನ್ಯೂನಲ್ಲಿ ಆಫೀಸು, ಜೆರಿನ್ ಹೋಗಾರ್ತ್ ಅನ್ನುವ ಲಾಯರ್, ಜೆನ್ನಿ ಅನ್ನುವ ಸೆಕ್ರೆಟರಿ. ಈಗ ಯೋಚನೆ ಮಾಡಿ. ಒಂದೇ ಕೆಲಸ, ಒಂದೇ ಬಿಲ್ಲು. ಒಬ್ಬನಿಗೆ ಅದು ಮನೆ ಬಾಡಿಗೆ, ಇನ್ನೊಬ್ಬನಿಗೆ ಹೊತ್ತು ಹೋಗುವ ದಾರಿ. ಗಿರಾಕಿ ಕೈ ಕೊಟ್ಟರೆ ಡ್ಯಾನಿ ನಕ್ಕು ಸುಮ್ನಾಗಬಹುದು, ಕೇಜ್‌ಗೆ ಆಗಲ್ಲ. ನನ್ನ ಪ್ರಕಾರ ಅವರ ಗೆಳೆತನಕ್ಕೆ ತೂಕ ಬರುವುದು ಇಲ್ಲಿ.

1986ರಲ್ಲಿ 125ನೇ ಸಂಚಿಕೆಗೆ ಕಾಮಿಕ್ ನಿಂತಿತು. ಬರೆದವರು ಜಿಮ್ ಔಸ್ಲಿ, ಆಮೇಲೆ ಕ್ರಿಸ್ಟೋಫರ್ ಪ್ರೀಸ್ಟ್ ಅಂತ ಹೆಸರಾದವರು. ಡ್ಯಾನಿ ಸಾಯ್ತಾನೆ. ದೊಡ್ಡ ವಿಲನ್ ಕೈಯಲ್ಲೂ ಅಲ್ಲ. ಕೊಲೆಯ ಅನುಮಾನ ಯಾರ ಮೇಲೆ? ಕೇಜ್ ಮೇಲೆ. ಮಾಡದ ತಪ್ಪಿಗೆ ಮತ್ತೆ ಓಡಬೇಕು. ಓದುಗರು ಸಿಟ್ಟಾದರು. ಆದರೆ ಇಷ್ಟು ವರ್ಷ ಸಮಾನ ಪಾಲುದಾರರು ಅಂತ ಬೋರ್ಡ್ ಹಾಕಿದ್ದರೂ ಇಬ್ಬರೂ ಯಾವತ್ತೂ ಸಮಾನ ಆಗಿರಲಿಲ್ಲ ಅಂತ ಅಷ್ಟು ಖಡಕ್ಕಾಗಿ ಬೇರೆ ಯಾರೂ ಹೇಳಿರಲಿಲ್ಲ. ಆಮೇಲೆ ಜಾನ್ ಬರ್ನ್ ಬಂದು, ಸತ್ತದ್ದು ಡ್ಯಾನಿ ಅಲ್ಲ, ಗಿಡದ ಜಾತಿಯ ನಕಲು ಅಂತ ಅವನನ್ನು ವಾಪಸ್ ತಂದರು. ಹೂಂ. ಗಿಡ. ಕಾಮಿಕ್ಸ್ ಓದುವವರಿಗೆ ಇಂಥದ್ದೆಲ್ಲ ಅಭ್ಯಾಸ ಆಗಿರುತ್ತೆ.

2016ರಲ್ಲಿ ಡೇವಿಡ್ ವಾಕರ್, ಸ್ಯಾನ್‌ಫೋರ್ಡ್ ಗ್ರೀನ್ ಮತ್ತೆ ಜೋಡಿಯನ್ನು ತಂದರು. ಕೇಜ್‌ಗೆ ಈಗ ಹೆಂಡತಿ ಜೆಸ್ಸಿಕಾ ಜೋನ್ಸ್, ಪುಟ್ಟ ಮಗಳು. ಮಗಳ ಹೆಸರು ಡ್ಯಾನಿಯೆಲ್, ಇಟ್ಟಿದ್ದು ಡ್ಯಾನಿ ಹೆಸರನ್ನೇ. ಮಗು ಇದೆ ಅಂತ ಕೇಜ್ ಬೈಗುಳ ಬಿಟ್ಟಿದ್ದಾನೆ, ಸಿಟ್ಟು ಬಂದರೆ 'ಫಿಡ್ಲ್ ಫ್ಯಾಡ್ಲ್' ಅಂತಾನೆ. ಹಳೇ ಕಂಪನಿ ಮತ್ತೆ ಶುರು ಮಾಡೋಣ ಅಂತ ಕುಣಿಯುವವನು ಯಾರು ಹೇಳಿ? ದುಡ್ಡಿನ ಅಗತ್ಯವೇ ಇಲ್ಲದ ಡ್ಯಾನಿ. ವಾಕರ್‌ಗೆ ವಿಷಯ ಗೊತ್ತಿದೆ.

ನೆಟ್‌ಫ್ಲಿಕ್ಸ್‌ಗೆ ಗೊತ್ತಿರಲಿಲ್ಲ. ಇಬ್ಬರಿಗೂ ಬೇರೆ ಬೇರೆ ಸೀರೀಸ್ ಮಾಡಿ, 2018ರಲ್ಲಿ ಎರಡನ್ನೂ ನಿಲ್ಲಿಸಿತು. ಕೇಜ್ ಎರಡನೇ ಸೀಸನ್‌ನಲ್ಲಿ ಡ್ಯಾನಿ ಒಂದು ಎಪಿಸೋಡಿಗೆ ಬರ್ತಾನೆ. ಅವನ ಸ್ವಂತ ಎರಡು ಸೀಸನ್‌ಗಿಂತ ಅಲ್ಲೇ ಚೆನ್ನಾಗಿದ್ದಾನೆ. ಇಬ್ಬರನ್ನೂ ಮತ್ತೆ ತೆರೆಗೆ ತರುವುದಿದ್ದರೆ ಮೊದಲ ಸೀನ್ ಆಫೀಸಿನಲ್ಲಿ ಇರಲಿ, ಬಾಕಿ ಬಿಲ್ಲು ಎಣಿಸುತ್ತಾ. ಡ್ರ್ಯಾಗನ್ ಆಮೇಲೆ ಬಂದರೂ ನಡೆಯುತ್ತೆ.