ತುರ್ಕಿ ಹೆಸರು, ಇಂಗ್ಲಿಷ್ ಕಿವಿ

ಕೇಳುಗರಿಗೆ ನಮಸ್ಕಾರ. ಹುಟ್ಟಿದ ಮಗುವಿಗೆ ಹೆಸರು ಹುಡುಕುವುದು ಎಲ್ಲ ಮನೆಗಳಲ್ಲೂ ನಡೆಯುವ ಸಂಭ್ರಮದ ಕೆಲಸ. ಆದರೆ ಮಗು ಒಂದು ಭಾಷೆಯ ಮನೆಯಲ್ಲಿ ಹುಟ್ಟಿ ಇನ್ನೊಂದು ಭಾಷೆಯ ಊರಿನಲ್ಲಿ ಬೆಳೆಯಬೇಕಾಗಿರುವಾಗ ಆ ಸಂಭ್ರಮದ ಜೊತೆಗೆ ಒಂದಿಷ್ಟು ಎಚ್ಚರವೂ ಬೇಕಾಗುತ್ತದೆ. ಇಂಗ್ಲಿಷ್ ಮಾತನಾಡುವ ನಾಡುಗಳಲ್ಲಿ ನೆಲೆಸಿರುವ ತುರ್ಕಿ ಭಾಷಿಕರು ತಮ್ಮ ಮಕ್ಕಳಿಗೆ ಹೆಸರು ಆರಿಸುವ ಬಗೆಯನ್ನು ಕುರಿತು ಈ ಹೊತ್ತು ಮಾತನಾಡುತ್ತೇನೆ.

ಸೈಪ್ರಸ್ ದ್ವೀಪವು 1878ರಿಂದ 1960ರವರೆಗೆ ಬ್ರಿಟಿಷರ ಆಡಳಿತದಲ್ಲಿದ್ದುದರಿಂದ ಅಲ್ಲಿಯ ತುರ್ಕಿ ಭಾಷಿಕರಲ್ಲಿ ಅನೇಕರು ಲಂಡನ್ನಿಗೆ ಬಂದು ನೆಲೆಯೂರಿದರು. ಟರ್ಕಿ ದೇಶದಿಂದಲೇ ಬಂದವರು ಆಮೇಲೆ ಅವರನ್ನು ಕೂಡಿಕೊಂಡರು. ಉತ್ತರ ಲಂಡನ್ನಿನ ಹ್ಯಾರಿಂಗೇ, ಎನ್‌ಫೀಲ್ಡ್ ಪ್ರದೇಶಗಳಲ್ಲಿ, ಗ್ರೀನ್ ಲೇನ್ಸ್ ಎಂಬ ಉದ್ದನೆಯ ರಸ್ತೆಯ ಅಂಗಡಿಗಳ ಫಲಕಗಳಲ್ಲಿ ತುರ್ಕಿ ಭಾಷೆ ಇಂದಿಗೂ ಕಣ್ಣಿಗೆ ಬೀಳುತ್ತದೆ. ಆಸ್ಟ್ರೇಲಿಯ ಮತ್ತು ಟರ್ಕಿಯ ನಡುವೆ 1967ರಲ್ಲಿ ಆದ ಒಪ್ಪಂದದಿಂದ ಮೆಲ್ಬರ್ನ್, ಸಿಡ್ನಿಗಳಿಗೆ ದುಡಿಯುವ ಕುಟುಂಬಗಳು ಹೋದವು. ಅಮೆರಿಕದ ನ್ಯೂಜೆರ್ಸಿಯಲ್ಲಿರುವ ಪ್ಯಾಟರ್ಸನ್ ಊರಿನಲ್ಲೂ ದೊಡ್ಡ ತುರ್ಕಿ ಸಮುದಾಯವಿದೆ. ಈ ಊರುಗಳ ಮನೆಗಳಲ್ಲಿ ಮಗು ಹುಟ್ಟಿದಾಗ ಕೇಳಿಬರುವ ಪ್ರಶ್ನೆ ಒಂದೇ: ಊರಿನ ಅಜ್ಜಿಗೂ ಇಲ್ಲಿಯ ಶಾಲೆಗೂ ಒಪ್ಪುವ ಹೆಸರು ಯಾವುದು?

ತುರ್ಕಿ ಭಾಷೆಯನ್ನು ಮೊದಲು ಅರಬ್ಬಿ ಲಿಪಿಯಲ್ಲಿ ಬರೆಯುತ್ತಿದ್ದರು. 1928ರ ನವೆಂಬರ್ 1ರಂದು ಅಂಗೀಕಾರವಾದ ಕಾನೂನಿನ ಮೂಲಕ ರೋಮನ್ ಅಕ್ಷರಗಳನ್ನು ಆಧರಿಸಿದ 29 ಅಕ್ಷರಗಳ ವರ್ಣಮಾಲೆ ಜಾರಿಗೆ ಬಂತು. ಈ ವರ್ಣಮಾಲೆಯ ಗುಣವೆಂದರೆ, ನಮ್ಮ ಕನ್ನಡದಂತೆಯೇ, ಬರೆದಂತೆ ಓದುವುದು. ಒಂದು ಅಕ್ಷರಕ್ಕೆ ಒಂದು ಧ್ವನಿ. ಅದನ್ನು ಕಲಿತ ತುರ್ಕಿ ಮಗು ಯಾವ ಹೊಸ ಹೆಸರನ್ನಾದರೂ ತಪ್ಪಿಲ್ಲದೆ ಓದುತ್ತದೆ. ಆದರೆ ಹೆಸರು ಹೊರನಾಡಿಗೆ ಹೋದಾಗ ತೊಡಕು ಹುಟ್ಟುವುದೂ ಇಲ್ಲಿಯೇ. ಅರಬ್ಬಿ ಲಿಪಿಯಲ್ಲೋ ಕನ್ನಡ ಲಿಪಿಯಲ್ಲೋ ಇದ್ದ ಹೆಸರನ್ನು ಕಂಡ ಇಂಗ್ಲಿಷರು, ಇದನ್ನು ಹೇಗೆ ಹೇಳಬೇಕು ಎಂದು ಕೇಳುತ್ತಾರೆ. ತುರ್ಕಿ ಹೆಸರನ್ನು ಕಂಡಾಗ ಕೇಳುವುದಿಲ್ಲ. ಅಕ್ಷರಗಳೆಲ್ಲ ಪರಿಚಿತವಾಗಿ ಕಾಣುವುದರಿಂದ ತಮಗೆ ತೋಚಿದಂತೆ ಓದಿಬಿಡುತ್ತಾರೆ.

ಇದಕ್ಕೆ ಒಂದು ಹೆಸರನ್ನು ಹತ್ತಿರದಿಂದ ನೋಡೋಣ. ಟರ್ಕಿಯಲ್ಲಿ ಗಂಡುಮಕ್ಕಳಿಗೆ ಧಾರಾಳವಾಗಿ ಇಡುವ ಹೆಸರು ಜಾನ್. ಜೀವ, ಪ್ರಾಣ ಎಂಬುದು ಅದರ ಅರ್ಥ. ಫಾರಸಿಯಿಂದ ತುರ್ಕಿಗೂ ಬಂದ, ನಮ್ಮ ದಖನಿ ಮಾತಿಗೂ ಬಂದ ಪದವಿದು. ಕರ್ನಾಟಕದ ಅಮೀರ್ ಜಾನ್, ಮೆಹಬೂಬ್ ಜಾನ್ ಎಂಬ ಹೆಸರುಗಳಲ್ಲಿ ಇರುವುದೂ ಇದೇ ಪದ. ಮೈಸೂರಿನ ಅರಮನೆಯ ಸಂಗೀತಗಾರ್ತಿಯಾಗಿ 1928ರಲ್ಲಿ ನೇಮಕಗೊಂಡು 1930ರಲ್ಲಿ ಆ ಊರಿನಲ್ಲಿಯೇ ತೀರಿಕೊಂಡ ಗೌಹರ್ ಜಾನ್ ಅವರ ಹೆಸರಿನಲ್ಲಿಯೂ ಇದೆ. ತುರ್ಕಿ ಅಕ್ಷರಮಾಲೆಯಲ್ಲಿ ಜ ಧ್ವನಿಗೆ ಗೊತ್ತುಮಾಡಿರುವುದು ಸಿ ಅಕ್ಷರ. ಹಾಗಾಗಿ ಜಾನ್ ಎಂಬುದನ್ನು ಸಿ, ಎ, ಎನ್ ಎಂದು ಬರೆಯುತ್ತಾರೆ. ಲಂಡನ್ನಿನ ಶಿಕ್ಷಕಿ ಹಾಜರಿ ಪುಸ್ತಕದಲ್ಲಿ ಅದನ್ನು ಕಂಡು ಕ್ಯಾನ್ ಎಂದು ಕೂಗುತ್ತಾರೆ, ತಗಡಿನ ಡಬ್ಬಿಯನ್ನು ಹೆಸರಿಸಿದಂತೆ. ಇದರಲ್ಲಿ ಅವರ ತಪ್ಪೇನೂ ಇಲ್ಲ. ಇಂಗ್ಲಿಷ್ ನಾಡುಗಳಲ್ಲಿ ಎಲ್ಲಕ್ಕಿಂತ ಹಳೆಯ, ಎಲ್ಲಕ್ಕಿಂತ ಬಳಕೆಯ ಗಂಡುಹೆಸರುಗಳಲ್ಲೊಂದು ಜಾನ್ ಎಂಬುದನ್ನು ಇದರ ಜೊತೆಗಿಟ್ಟು ನೋಡಬೇಕು. ಅಮೆರಿಕದವರು ನುಡಿಯುವ ಜಾನ್ ಮತ್ತು ತುರ್ಕಿಯ ಜಾನ್ ಕಿವಿಗೆ ಹೆಚ್ಚುಕಡಿಮೆ ಒಂದೇ. ಕಿವಿಗೆ ಇಷ್ಟು ಹತ್ತಿರವಾದ ಹೆಸರು ಕಣ್ಣಿಗೆ ಮಾತ್ರ ಅಪರಿಚಿತವಾಗಿ ನಿಲ್ಲುತ್ತದೆ.

ಕೆಲವು ತಂದೆತಾಯಿಗಳು ಇದಕ್ಕೆ ಪರಿಹಾರವೆಂದು ಸಿ ಬದಲು ಜೆ ಅಕ್ಷರ ಹಾಕುವ ಯೋಚನೆ ಮಾಡುತ್ತಾರೆ. ಆಗ ಇಂಗ್ಲೆಂಡಿನಲ್ಲಿ ಅದು ಜ್ಯಾನ್ ಆಗುತ್ತದೆ, ಮತ್ತು ಜ್ಯಾನ್ ಅಲ್ಲಿ ಹೆಂಗಸರ ಹೆಸರು. ತುರ್ಕಿ ಓದುಗರಿಗೂ ಆ ಬರಹ ಸರಿಹೋಗುವುದಿಲ್ಲ. ಅವರ ಜೆ ಅಕ್ಷರದ ಧ್ವನಿ ಫ್ರೆಂಚರದರಂತೆ ಬೇರೆಯೇ ಇದೆ. ಒಂದು ಕಡೆಯ ತೊಂದರೆಯನ್ನು ಎರಡೂ ಕಡೆಗೆ ಹಂಚಿದಂತಾಯಿತು. ನನ್ನ ತಿಳಿವಳಿಕೆಯಲ್ಲಿ ಜಾನ್ ಎಂಬ ಹೆಸರನ್ನು ಇದ್ದ ಹಾಗೆಯೇ ಇಡಬೇಕು. ಶಿಕ್ಷಕಿ ಮೊದಲ ದಿನ ತಪ್ಪಾಗಿ ಓದುತ್ತಾರೆ. ಮಗು ಒಮ್ಮೆ ತಿದ್ದಿದರೆ ಎರಡನೆಯ ದಿನದಿಂದ ಸರಿಯಾಗಿ ಕರೆಯುತ್ತಾರೆ, ಏಕೆಂದರೆ ಆ ಧ್ವನಿ ಅವರ ನಾಲಿಗೆಗೆ ಹುಟ್ಟಿದಂದಿನಿಂದ ಗೊತ್ತು. 2015ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದ, ಅಮೆರಿಕದ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಅಜೀಜ್ ಸಂಜಾರ್ ಅವರ ಮನೆತನದ ಹೆಸರಿನಲ್ಲಿಯೂ ಜ ಧ್ವನಿಗೆ ಇರುವುದು ಈ ಸಿ ಅಕ್ಷರವೇ. ಅದನ್ನು ಇಂಗ್ಲಿಷಿನಲ್ಲಿ ನೋಡಿದ ಕನ್ನಡಿಗರು ಸಂಕರ್ ಎಂದೋ ಶಂಕರ್ ಎಂದೋ ಓದುವ ಸಂಭವ ಹೆಚ್ಚು. ಅವರು ತಮ್ಮ ಬರಹವನ್ನು ಬದಲಿಸಿಕೊಳ್ಳದೆಯೇ ಲೋಕಪ್ರಸಿದ್ಧರಾದರು.

ಎಲ್ಲ ಹೆಸರುಗಳಿಗೂ ಈ ಅನುಕೂಲವಿಲ್ಲ. ತುರ್ಕಿಯಲ್ಲಿ ಇಂಗ್ಲಿಷ್ ಬಾಯಿಗೆ ಒಗ್ಗದ ಸ್ವರಗಳು ಕೆಲವಿವೆ. ಇ ಎನ್ನುತ್ತಲೇ ತುಟಿಯನ್ನು ಉ ಎನ್ನುವಂತೆ ದುಂಡಗೆ ಮಾಡಿದರೆ ಹೊರಡುವ ಸ್ವರ ಒಂದು. ಎ ಎನ್ನುತ್ತ ತುಟಿಯನ್ನು ದುಂಡಗೆ ಮಾಡಿದರೆ ಹೊರಡುವುದು ಇನ್ನೊಂದು. ನಮ್ಮ ಉಕಾರವನ್ನು ತುಟಿ ದುಂಡಗೆ ಮಾಡದೆ ನುಡಿದರೆ ಬರುವುದು ಮೂರನೆಯದು. ಅದನ್ನು ಚುಕ್ಕಿಯಿಲ್ಲದ ಐ ಅಕ್ಷರದಿಂದ ಬರೆಯುತ್ತಾರೆ. ಇವುಗಳ ಮೇಲೆ ಮೃದು ಗ ಎಂದು ಕರೆಯುವ ಅಕ್ಷರವೊಂದುಂಟು. ಅದಕ್ಕೆ ತನ್ನದೇ ಧ್ವನಿಯಿಲ್ಲ, ಹಿಂದಿನ ಸ್ವರವನ್ನು ಎಳೆಯುವುದಷ್ಟೇ ಅದರ ಕೆಲಸ. ಮಳೆ ಎಂಬ ಅರ್ಥದ ಯಾಮೂರ್ ಎಂಬ ಹೆಸರಿನ ನಡುವೆ ಅದು ಕುಳಿತಿದೆ. ಇಂಗ್ಲಿಷರು ಅದನ್ನು ಗಟ್ಟಿಯಾಗಿ ಉಚ್ಚರಿಸಿ ಯಾಗ್ಮರ್ ಎನ್ನುತ್ತಾರೆ. ಇಂಥ ಧ್ವನಿಗಳು ಒಂದೇ ಹೆಸರಿನಲ್ಲಿ ಎರಡು ಮೂರು ಸೇರಿಕೊಂಡರೆ ಮಗು ಎಷ್ಟು ಸಲ ತಿದ್ದಿದರೂ ಎದುರಿನವರ ನಾಲಿಗೆ ತಿರುಗುವುದಿಲ್ಲ, ಮತ್ತು ಕೊನೆಗೆ ಸೋಲುವುದು ಮಗುವೇ. ಓದುವಾಗ ತಪ್ಪುವ ಹೆಸರಿಗೆ ನಾನು ಹೆದರುವುದಿಲ್ಲ. ಕೇಳಿದ ಮೇಲೂ ನುಡಿಯಲಾಗದ ಹೆಸರಿನ ಬಗ್ಗೆ ಮಾತ್ರ ತಂದೆತಾಯಿಗಳು ಎರಡು ಸಲ ಯೋಚಿಸಬೇಕು.

ಬರಹದ ಸಂಗತಿ ಇನ್ನೊಂದಿದೆ. ಪಾಸ್‌ಪೋರ್ಟಿನ ಕೆಳಭಾಗದಲ್ಲಿ ಯಂತ್ರ ಓದುವ ಎರಡು ಸಾಲುಗಳಿರುತ್ತವೆ. ಅಲ್ಲಿ ಹೆಸರಿಗೆ ಇಂಗ್ಲಿಷಿನ 26 ಅಕ್ಷರಗಳ ಹೊರತು ಯಾವ ಚುಕ್ಕಿ, ಬಾಲ, ಕೊಂಬುಗಳಿಗೂ ಎಡೆಯಿಲ್ಲ. ವಿಮಾನದ ಟಿಕೆಟ್ಟಿನಲ್ಲೂ ಹೀಗೆಯೇ. ಆದ್ದರಿಂದ ಯಾವ ಹೆಸರನ್ನೇ ಆರಿಸಲಿ, ಅದನ್ನು ಚುಕ್ಕಿಬಾಲಗಳಿಲ್ಲದೆ ಒಮ್ಮೆ ಬರೆದು ನೋಡುವುದು ಅಗತ್ಯ. ಅಮೆರಿಕದಲ್ಲಿ 1947ರಲ್ಲಿ ಅಟ್ಲಾಂಟಿಕ್ ರೆಕಾರ್ಡ್ಸ್ ಕಂಪನಿಯನ್ನು ಜೊತೆಗಾರರೊಡನೆ ಕಟ್ಟಿದ ಅಹ್ಮೆತ್ ಎರ್ತೆಗುನ್ ತಮ್ಮ ಮನೆತನದ ಹೆಸರಿನ ಚುಕ್ಕಿಗಳನ್ನು ಬಿಟ್ಟು ಬರೆದರು. ಧ್ವನಿ ಸ್ವಲ್ಪ ಬದಲಾಯಿತು, ಬರಹ ಉಳಿಯಿತು. ಲೇಖಕಿ ಎಲಿಫ್ ಶಫಕ್ ಇದಕ್ಕೆ ತದ್ವಿರುದ್ಧವಾದ ದಾರಿ ಹಿಡಿದರು. ತಮ್ಮ ತಾಯಿಯ ಹೆಸರನ್ನೇ ಮನೆತನದ ಹೆಸರಾಗಿ ಮಾಡಿಕೊಂಡ ಅವರು, ಬಾಲವಿರುವ ಎಸ್ ಅಕ್ಷರದ ಬದಲು ಇಂಗ್ಲಿಷಿನಲ್ಲಿ ಎಸ್ ಮತ್ತು ಎಚ್ ಸೇರಿಸಿ ಬರೆದು ಶ ಧ್ವನಿಯನ್ನು ಉಳಿಸಿಕೊಂಡರು. ಅವರದು ಹೆಚ್ಚು ಒಳ್ಳೆಯ ದಾರಿಯೆಂದು ನನಗನ್ನಿಸುತ್ತದೆ. ಹೆಸರೆಂಬುದು ಕರೆಯುವುದಕ್ಕೆ ಇರುವುದರಿಂದ ಬರಹ ಹೋದರೂ ಧ್ವನಿ ನಿಲ್ಲಬೇಕು.

ಈ ಯಾವ ಕಷ್ಟವೂ ಇಲ್ಲದ ತುರ್ಕಿ ಹೆಸರುಗಳೂ ಬೇಕಾದಷ್ಟಿವೆ, ಮತ್ತು ಅವು ಇಂಗ್ಲಿಷಿಗಾಗಿ ಹೊಸೆದವಲ್ಲ. ಚಂದ್ರನ ಸುತ್ತ ಕಾಣುವ ಪರಿವೇಷವನ್ನು ಸೂಚಿಸುವ ಐಲಿನ್ ಎಂಬ ಹೆಣ್ಣುಹೆಸರು ಇಂಗ್ಲಿಷರಿಗೆ ತಮ್ಮ ಐಲೀನ್ ಆಗಿಯೇ ಕೇಳಿಸುತ್ತದೆ. ಸುಜಾನ್ ಎಂಬುದು ಉರಿಯುವ ಎಂಬ ಅರ್ಥದ ಫಾರಸಿ ಮೂಲದ ಹೆಸರು. ಇಂಗ್ಲಿಷಿನ ಸೂಸನ್‌ಗೂ ಅದಕ್ಕೂ ಸಂಬಂಧವೇ ಇಲ್ಲ, ಆದರೂ ಎರಡು ಒಂದಾಗಿ ಕೇಳುತ್ತವೆ. ತಿಳಿಕಂದು ಕಣ್ಣಿನ ಬಣ್ಣ ಎಲಾ, ಬಂಡೆ ಎಂಬ ಅರ್ಥದ ಕಾಯಾ, ಗ್ರೀಕ್ ಮೂಲದಿಂದ ಬಂದು ತುರ್ಕಿಯಲ್ಲಿ ಪೂರ್ಣವಾಗಿ ನೆಲೆಸಿದ ದೆಫ್ನೆ, ಇವೆಲ್ಲ ಹೀಗೆಯೇ. ಆದಮ್, ಯೂಸುಫ್, ಮೆರ್ಯೆಮ್, ಸಾರಾ ಮೊದಲಾದವು ಇಸ್ಲಾಂ ಮತ್ತು ಕ್ರೈಸ್ತ ಧರ್ಮಗಳೆರಡಕ್ಕೂ ಸೇರಿದ ಹೆಸರುಗಳಾದ್ದರಿಂದ ಇಂಗ್ಲಿಷರು ಅವನ್ನು ಗುರುತಿಸಲು ತಡವಾಗುವುದಿಲ್ಲ.

ದೆನಿಜ್ ಎಂಬ ಹೆಸರನ್ನು ಮಾತ್ರ ಬೇರೆಯಾಗಿ ಹೇಳಬೇಕು. ಸಮುದ್ರ ಎಂದು ಅದರ ಅರ್ಥ. ತುರ್ಕಿ ಭಾಷೆಯಲ್ಲಿ ವ್ಯಾಕರಣದ ಲಿಂಗಭೇದವಿಲ್ಲ. ಅವನು, ಅವಳು, ಅದು ಮೂರಕ್ಕೂ ಒಂದೇ ಸರ್ವನಾಮ. ದೆನಿಜ್ ಎಂದು ಗಂಡಿಗೂ ಇಡುತ್ತಾರೆ, ಹೆಣ್ಣಿಗೂ ಇಡುತ್ತಾರೆ. ಇಂಗ್ಲಿಷಿನಲ್ಲಿ ಡೆನಿಸ್ ಗಂಡು, ಡೆನೀಸ್ ಹೆಣ್ಣು. ತುರ್ಕಿ ಹೆಸರುಗಳಲ್ಲಿ ಒತ್ತು ಸಾಮಾನ್ಯವಾಗಿ ಕೊನೆಯ ಅಕ್ಷರದ ಮೇಲೆ ಬೀಳುವುದರಿಂದ ದೆನಿಜ್ ಕೇಳುವುದಕ್ಕೆ ಡೆನೀಸ್‌ಗೆ ಹತ್ತಿರವಾಗುತ್ತದೆ. ದೆನಿಜ್ ಎಂಬ ಗಂಡುಮಗನಿಗೆ ಶಾಲೆಯಿಂದ ಹುಡುಗಿಯೆಂದು ಪತ್ರ ಬಂದರೆ ಅಚ್ಚರಿಪಡಬೇಕಾಗಿಲ್ಲ. ಅದು ಮನೆಯವರಿಗೆ ಸಹನೀಯವೇ ಎಂಬುದನ್ನು ಮೊದಲೇ ಯೋಚಿಸಿಟ್ಟುಕೊಂಡರೆ ಸಾಕು.

ತುರ್ಕಿಯಲ್ಲಿ ಘನವಾಗಿದ್ದು ಇಂಗ್ಲಿಷಿನಲ್ಲಿ ನೋವು ಕೊಡುವ ಹೆಸರುಗಳ ವಿಷಯದಲ್ಲಿ ನಾನು ಕಟ್ಟುನಿಟ್ಟು. ದೃಢ ಎಂಬ ಅರ್ಥದ ಬೆರ್ಕ್ ಎಂಬುದು ಬ್ರಿಟನ್ನಿನ ಆಡುಮಾತಿನಲ್ಲಿ ದಡ್ಡನನ್ನು ಬಯ್ಯುವ ಪದ. ಡ್ಯಾನ್ಯೂಬ್ ನದಿಯ ತುರ್ಕಿ ಹೆಸರು ತುನಾ. ಇಂಗ್ಲಿಷಿನಲ್ಲಿ ಅದು ಡಬ್ಬಿಯಲ್ಲಿ ಮಾರುವ ಮೀನು. ನೈಲ್ ನದಿಯ ಹೆಸರಾದ ನಿಲ್ ಅಲ್ಲಿ ಸೊನ್ನೆಯಾಗುತ್ತದೆ. ದಿಗಂತವೆಂಬ ಸುಂದರ ಅರ್ಥದ ಉಫುಕ್ ಎಂಬ ಹೆಸರು ಇಂಗ್ಲಿಷ್ ಕಿವಿಗೆ ಹೇಗೆ ಕೇಳುತ್ತದೆಂಬುದನ್ನು ಬಾನುಲಿಯಲ್ಲಿ ವಿವರಿಸುವುದು ಸಾಧುವಲ್ಲ. ಸ್ಮರಣೀಯನಾಗು ಎಂಬ ಅರ್ಥದ ತುರ್ಕಿಯ ಅನಿಲ್ ಎಂಬ ಹೆಸರು ಚುಕ್ಕಿ ಸೇರಿದ ಮೇಲೆ ಗಾಳಿ ಎಂಬ ಅರ್ಥದ ನಮ್ಮ ಅನಿಲ್‌ನಂತೆಯೇ ಕಾಣುತ್ತದೆ, ಮತ್ತು ಎರಡೂ ಅಲ್ಲಿಯ ಆಟದ ಬಯಲಿನಲ್ಲಿ ಒಂದೇ ಬಗೆಯ ಕೀಟಲೆಗೆ ಗುರಿಯಾಗುತ್ತವೆ. ಅರ್ಥ ಎಷ್ಟೇ ಚೆನ್ನಾಗಿದ್ದರೂ ಎಂಟು ವರ್ಷದ ಮಗು ಅದನ್ನು ದಿನವೂ ಸಮರ್ಥಿಸಿಕೊಳ್ಳುವಂತಾಗಬಾರದು.

ಆದರೂ ಎಲ್ಲವನ್ನೂ ಮೊದಲೇ ಊಹಿಸುವುದಕ್ಕಾಗುವುದಿಲ್ಲ. ಬೆಳಗುವ ಎಂಬ ಅರ್ಥದ ಹೆಣ್ಣುಹೆಸರೊಂದಿದೆ, ಉಶುಲ್ ಎಂದು ನಾವು ಸುಮಾರಾಗಿ ಹೇಳಬಹುದು. ಅದರ ಬಾಲ ತೆಗೆದು ಇಂಗ್ಲಿಷಿನಲ್ಲಿ ಬರೆದರೆ ಐ, ಎಸ್, ಐ, ಎಲ್ ಎಂದಾಗುತ್ತದೆ. 2014ರಲ್ಲಿ ಇರಾಕ್ ಮತ್ತು ಸಿರಿಯಾದ ಉಗ್ರ ಸಂಘಟನೆಯೊಂದನ್ನು ಜಗತ್ತಿನ ಸುದ್ದಿಯಲ್ಲಿ ಕರೆದದ್ದು ಇದೇ ನಾಲ್ಕು ಅಕ್ಷರಗಳಿಂದ. ಅದಕ್ಕೆ ಮೊದಲೇ ಹುಟ್ಟಿದ್ದ ಹೆಣ್ಣುಮಕ್ಕಳ ತಂದೆತಾಯಿಗಳಿಗೆ ಇದು ಹೇಗೆ ಗೊತ್ತಾಗಬೇಕಿತ್ತು?

ಇನ್ನು ಹಿರಿಯರ ಮಾತು. ಟರ್ಕಿಯ ಅನೇಕ ಮನೆಗಳಲ್ಲಿ ಅಜ್ಜನೋ ಇಮಾಮರೋ ಮಗುವನ್ನು ಎತ್ತಿಕೊಂಡು ಬಲಗಿವಿಯಲ್ಲಿ ಪ್ರಾರ್ಥನೆಯ ಕರೆಯನ್ನು ನುಡಿದು, ಹೆಸರನ್ನು ಮೂರು ಸಲ ಕಿವಿಯಲ್ಲಿ ಹೇಳುತ್ತಾರೆ. ನಾಮಕರಣದ ದಿನ ಮಗುವಿನ ಕಿವಿಯಲ್ಲಿ ಹೆಸರು ಹೇಳುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಜ್ಜ ಅಜ್ಜಿಯರ ಹೆಸರಿಡುವ ಪದ್ಧತಿಯೂ ಅಲ್ಲಿದೆ. ಹೊಕ್ಕುಳಬಳ್ಳಿ ಕತ್ತರಿಸುವಾಗ ಇಡುವ ಹೊಕ್ಕುಳ ಹೆಸರು ಎಂಬುದೊಂದುಂಟು. ಇಂದು ಅದು ಹೆಚ್ಚಾಗಿ ಎರಡನೆಯ ಹೆಸರಾಗಿ ಉಳಿದಿದೆ. ಪರದೇಶದಲ್ಲಿರುವವರಿಗೆ ಇದು ಬಹಳ ಉಪಯುಕ್ತ: ಒಂದು ಹೆಸರು ಹಿರಿಯರದು, ಇನ್ನೊಂದು ತಂದೆತಾಯಿಗಳು ಆರಿಸಿದ್ದು. ಆದರೆ ಟರ್ಕಿಯಲ್ಲಿ ಎಷ್ಟೋ ಜನರನ್ನು ಎರಡನೆಯ ಹೆಸರಿನಿಂದಲೇ ಕರೆಯುವುದುಂಟು, ಇಂಗ್ಲಿಷ್ ನಾಡಿನ ಆಸ್ಪತ್ರೆ, ಶಾಲೆ, ಬ್ಯಾಂಕುಗಳು ಹಿಡಿಯುವುದು ಮೊದಲನೆಯದನ್ನು. ಊರು ಮತ್ತು ತಂದೆಯ ಹೆಸರಿನ ಮೊದಲಕ್ಷರಗಳನ್ನು ಮುಂದಿಟ್ಟುಕೊಂಡು ಹೊರದೇಶಕ್ಕೆ ಹೋದ ಕನ್ನಡಿಗರಿಗೆ ಈ ಪೇಚಾಟ ಚೆನ್ನಾಗಿ ಗೊತ್ತು. ಹಾಗಾಗಿ ದಿನವೂ ಕರೆಯುವ ಹೆಸರನ್ನೇ ಮೊದಲು ಬರೆಸಬೇಕು.

ಎರಡು ಹೆಸರುಗಳಲ್ಲಿ ಒಂದನ್ನು ಪೂರ್ಣವಾಗಿ ಇಂಗ್ಲಿಷಿನದಾಗಿಸುವುದು ನನಗೆ ಒಪ್ಪಿಗೆಯಲ್ಲ. ಬ್ರಿಟನ್ನಿನ ಪ್ರಧಾನಿಯಾಗಿದ್ದ ಬೋರಿಸ್ ಜಾನ್ಸನ್ ಅವರ ಅಜ್ಜ 1909ರಲ್ಲಿ ಹುಟ್ಟಿದಾಗ ಅವರ ಹೆಸರು ಉಸ್ಮಾನ್ ವಿಲ್ಫ್ರೆಡ್ ಕೆಮಾಲ್; ಆಟೊಮನ್ ಪತ್ರಕರ್ತ ಅಲಿ ಕೆಮಾಲ್ ಅವರ ಮಗ. ತಾಯಿ ತೀರಿಕೊಂಡು ಇಂಗ್ಲೆಂಡಿನಲ್ಲಿ ಅಜ್ಜಿಯ ಬಳಿ ಬೆಳೆದ ಆ ಮಗು ವಿಲ್ಫ್ರೆಡ್ ಜಾನ್ಸನ್ ಆಯಿತು. ಉಸ್ಮಾನ್ ಹೋಯಿತು, ಕೆಮಾಲ್ ಹೋಯಿತು. ಸುಲಭವಾದ ಹೆಸರು ಪಕ್ಕದಲ್ಲಿಯೇ ಇದ್ದಾಗ ಕಷ್ಟದ ಹೆಸರಿನ ಕಡೆಗೆ ಯಾರೂ ಹೊರಳಿ ನೋಡುವುದಿಲ್ಲ.

ಕೊನೆಗೆ ನೋಂದಣಿಯ ವಿಷಯ. ಇಂಗ್ಲೆಂಡಿನಲ್ಲಿ ಮಗು ಹುಟ್ಟಿದ 42 ದಿನಗಳೊಳಗೆ ಅಲ್ಲಿಯ ಕಚೇರಿಯಲ್ಲಿ ಜನನ ನೋಂದಾಯಿಸಬೇಕು. ಟರ್ಕಿಯ ಪೌರರು ವಿದೇಶದಲ್ಲಿ ಹುಟ್ಟಿದ ಮಗುವಿನ ವಿವರವನ್ನು 60 ದಿನಗಳೊಳಗೆ ತಮ್ಮ ದೂತಾವಾಸಕ್ಕೆ ತಿಳಿಸಬೇಕು. ಎರಡು ದೇಶಗಳ ದಾಖಲೆಗಳಲ್ಲಿ ಹೆಸರು ಎರಡು ಬಗೆಯಾಗಿ ಬಿದ್ದರೆ ಮುಂದೆ ತಿದ್ದುಪಡಿಗೆ ಅಲೆಯಬೇಕಾಗುತ್ತದೆ. ಆದುದರಿಂದ ಮೊದಲನೆಯ ಕಚೇರಿಗೆ ಹೋಗುವ ಮುನ್ನವೇ, ಚುಕ್ಕಿಬಾಲಗಳಿರುವ ಬರಹವನ್ನೂ ಅವಿಲ್ಲದ ಬರಹವನ್ನೂ ಒಂದೇ ಹಾಳೆಯ ಮೇಲೆ ಬರೆದು, ಎರಡನ್ನೂ ತುರ್ಕಿ ಬಾರದ ನೆರೆಯವರೊಬ್ಬರಿಂದ ಗಟ್ಟಿಯಾಗಿ ಓದಿಸಿ ಕೇಳಬೇಕು. ಆಮೇಲೆ ಹೆಸರನ್ನು ಅವರಿಗೆ ಒಮ್ಮೆ ಸರಿಯಾಗಿ ನುಡಿದು ತೋರಿಸಿ, ಅವರಿಂದ ಮತ್ತೆ ಹೇಳಿಸಬೇಕು. ಆ ಎರಡನೆಯ ಸಲ ಸರಿಯಾಗಿ ಬಂದರೆ ಆ ಹೆಸರನ್ನು ನಿಶ್ಚಿಂತೆಯಿಂದ ಬರೆಸಬಹುದು.