ಗೆಳೆಯನ ವೈರಿಗೆ ಪಡಸಾಲೆಯಲ್ಲಿ ಜಾಗವಿಲ್ಲ

ಕೇಳುಗರಿಗೆಲ್ಲ ನಮಸ್ಕಾರ.

ಉಗ್ರವಾದದ ಎದುರು ಮಿತ್ರ ದೇಶಗಳು ಹೇಗಿರಬೇಕು ಅನ್ನೋದು ಇವತ್ತಿನ ವಿಷಯ. ನವಲಗುಂದ, ಕುಂದಗೋಳದ ಕಡೆ ಹೊಲದಿಂದ ಬಂದು ಈಗಷ್ಟೇ ರೇಡಿಯೋ ಹಚ್ಚಿದವರು, ಇದು ನಮಗ್ಯಾಕೆ ಅಂತ ಕೇಳಬಹುದು. ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ ಅವರನ್ನು ನೀವು ಮರೆತಿಲ್ಲ. 2016ರಲ್ಲಿ ಸಿಯಾಚಿನ್ ಹಿಮದಡಿ ಸಿಲುಕಿ, ಆಮೇಲೆ ನಮ್ಮನ್ನು ಅಗಲಿದರು. ಅದಕ್ಕೂ ಮೊದಲು, 2010ರಿಂದ 2012ರವರೆಗೆ ಅವರು ಈಶಾನ್ಯ ಭಾರತದಲ್ಲಿದ್ದರು. ಉಲ್ಫಾ, ಎನ್‌ಡಿಎಫ್‌ಬಿ ಎಂಬ ಅಸ್ಸಾಮಿನ ಉಗ್ರರ ಗುಂಪುಗಳ ವಿರುದ್ಧ ಕಾರ್ಯಾಚರಣೆಯಲ್ಲಿ ಭಾಗವಹಿಸಿದ್ದರು. ಇದೇ ಗುಂಪುಗಳ ಇನ್ನೊಂದು ಕಥೆಯನ್ನು ನಿಮಗೆ ಹೇಳಬೇಕು.

ನನ್ನ ಮಾತು ಒಂದೇ. ಗೆಳೆಯನಿಗೆ ಕೇಡು ಬಗೆಯುವವನಿಗೆ ನಮ್ಮ ಪಡಸಾಲೆಯಲ್ಲಿ ಜಾಗ ಕೊಡಬಾರದು. ದೇಶಗಳ ಸ್ನೇಹವನ್ನೂ ಇದರಿಂದಲೇ ಅಳೆಯಬೇಕು. ಹಾರ, ಶಾಲು, ಕೈ ಕುಲುಕುವ ಫೋಟೋ ಎಲ್ಲ ಆಮೇಲೆ.

ಭೂತಾನ್ ನೋಡಿ. 2005ರ ಜನಗಣತಿಯಲ್ಲಿ ಆ ಇಡೀ ದೇಶದ ಜನಸಂಖ್ಯೆ 6 ಲಕ್ಷ 35 ಸಾವಿರದಷ್ಟು. ನಮ್ಮ ಹುಬ್ಬಳ್ಳಿ-ಧಾರವಾಡಕ್ಕಿಂತ ಕಡಿಮೆ! 1990ರ ಆಸುಪಾಸಿನಲ್ಲಿ ನಮ್ಮ ಸೇನೆ ಅಸ್ಸಾಮಿನಲ್ಲಿ ಉಲ್ಫಾದವರ ಬೆನ್ನು ಹತ್ತಿತು. ಅವರು ಗಡಿ ದಾಟಿ ಭೂತಾನಿನ ದಕ್ಷಿಣದ ದಟ್ಟ ಕಾಡು ಸೇರಿದರು. ಆಮೇಲೆ ಎನ್‌ಡಿಎಫ್‌ಬಿ ಬಂತು, ಕೆಎಲ್‌ಒ ಎಂಬ ಇನ್ನೊಂದು ಉಗ್ರರ ಗುಂಪು ಬಂತು. ಒಟ್ಟು 30 ಶಿಬಿರಗಳಾದವು. ಅಲ್ಲಿಂದ ಬಂದು ಇಲ್ಲಿ ಹೊಡೆಯುವುದು, ಮತ್ತೆ ಅಲ್ಲಿಗೆ ಓಡುವುದು.

ರಾಜ ಜಿಗ್ಮೆ ಸಿಂಗ್ಯೆ ವಾಂಗ್‌ಚುಕ್ ಮೊದಲು ಮಾತುಕತೆ ಮಾಡಿದರು. ವರ್ಷಗಟ್ಟಲೆ ಮಾಡಿದರು. 2001ರ ಡಿಸೆಂಬರ್ ಒಳಗೆ ನಾಲ್ಕು ಶಿಬಿರ ಖಾಲಿ ಮಾಡುತ್ತೇವೆ ಅಂತ ಉಲ್ಫಾ ಒಪ್ಪಿಕೊಂಡಿತ್ತು. ಒಂದಷ್ಟು ಮುಚ್ಚಿತು, ಬೇರೆ ಕಡೆ ಮತ್ತೆ ಹೂಡಿತು. ರಾಜನಿಗೆ ಇದು ಸಣ್ಣ ಇಕ್ಕಟ್ಟಲ್ಲ. ಭೂತಾನಿನ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋಗಲು ಅಲ್ಲಿನ ಎಷ್ಟೋ ಜನ ಅಸ್ಸಾಮಿನ ರಸ್ತೆಯನ್ನೇ ಹಿಡಿಯಬೇಕಿತ್ತು. 2000ದ ಡಿಸೆಂಬರ್‌ನಲ್ಲಿ ಅಸ್ಸಾಮಿನ ರಸ್ತೆಯಲ್ಲೇ ಉಗ್ರರ ಕೈಯಲ್ಲಿ ಭೂತಾನಿನ ಜನ ಕೊಲೆಯಾಗಿದ್ದರು. ಸುಮ್ನಿದ್ದು ಬಿಡೋಣ ಅಂತ ಅಂದುಕೊಳ್ಳಬಹುದಿತ್ತು, ಅಲ್ವಾ?

ಸುಮ್ಮನಿರಲಿಲ್ಲ. 2003ರ ಡಿಸೆಂಬರ್ 15ರಂದು ಭೂತಾನ್ ಸೇನೆ ಕಾಡಿಗೆ ನುಗ್ಗಿತು. ಮುಂದಾಳು ಯಾರು? ಸ್ವತಃ ರಾಜ! ಒಂದೂ ಕಾಲು ಶತಮಾನಕ್ಕಿಂತ ಜಾಸ್ತಿ ಕಾಲ ಯುದ್ಧ ಕಾಣದ ದೇಶ ಅದು. ಈ ಕಡೆ ನಮ್ಮ ಸೇನೆ ಗಡಿ ಮುಚ್ಚಿ ನಿಂತಿತ್ತು. 30 ಶಿಬಿರಗಳೂ ನೆಲಸಮವಾದವು.

ಥಿಂಪುವಿನಿಂದ ಪುನಾಖಾಕ್ಕೆ ಹೋಗುವ ದಾರಿಯಲ್ಲಿ ದೋಚುಲಾ ಅಂತ ಒಂದು ಘಟ್ಟ ಇದೆ. ಆ ಕಾಳಗದಲ್ಲಿ ಮಡಿದ ಸೈನಿಕರ ನೆನಪಿಗೆ ರಾಣಿ ಅಲ್ಲಿ 108 ಸ್ತೂಪ ಕಟ್ಟಿಸಿದರು. ನಮ್ಮವರು ಪ್ರವಾಸಕ್ಕೆ ಹೋಗಿ ಸೆಲ್ಫಿ ತೆಗೆದುಕೊಂಡು ಬರುತ್ತಾರೆ. ಆ ಹುಡುಗರು ಜೀವ ಕೊಟ್ಟದ್ದು ಅಸ್ಸಾಮಿನ ಹಳ್ಳಿಗಳ ನೆಮ್ಮದಿಗೂ ಹೌದು ಅಂತ ಅವರಿಗೆ ಯಾರೂ ಹೇಳುವುದಿಲ್ಲ. ಇದು ನನಗೆ ನಿಜವಾಗಿ ಸಂಕಟದ ವಿಷಯ. ಪರೀಕ್ಷೆಗೆ ಓದುವ ಮಕ್ಕಳಿಗೆ ದೂರದ ದೇಶಗಳ ಒಪ್ಪಂದಗಳೆಲ್ಲ ಬಾಯಿಪಾಠ. ಭೂತಾನ್ ನಮಗಾಗಿ ಏನು ಮಾಡಿತು ಅಂತ ಕೇಳಿದರೆ ಉತ್ತರವಿಲ್ಲ.

2007ರ ಫೆಬ್ರವರಿಯಲ್ಲಿ ಎರಡೂ ದೇಶಗಳು ಹಳೆಯ ಒಪ್ಪಂದವನ್ನು ಹೊಸದಾಗಿ ಬರೆದುಕೊಂಡವು. ಅದರ ಎರಡನೇ ಕಲಮು ಓದಿ. ಒಬ್ಬರ ಭದ್ರತೆಗೆ ಧಕ್ಕೆ ತರುವ ಕೆಲಸಕ್ಕೆ ಇನ್ನೊಬ್ಬರು ತಮ್ಮ ನೆಲ ಬಿಟ್ಟುಕೊಡುವಂತಿಲ್ಲ. ಅದೇ ನನ್ನ ಪಡಸಾಲೆಯ ಮಾತು. ಇದು ನಮಗೂ ಅಷ್ಟೇ ಅನ್ವಯ. ನಮ್ಮ ನೆಲದಿಂದಲೂ ಭೂತಾನಿಗೆ ಕೇಡಾಗಬಾರದು.

ಸಮಯ ಮುಗಿಯುತ್ತಾ ಬಂತು, ಬೇಗ ಹೇಳುತ್ತೇನೆ. ಬಾಂಗ್ಲಾದೇಶ 2015ರಲ್ಲಿ ಉಲ್ಫಾ ನಾಯಕ ಅನೂಪ್ ಚೇಟಿಯಾನನ್ನು ನಮಗೆ ಒಪ್ಪಿಸಿತು. ಮುಂಬೈ ದಾಳಿಯ ಆರೋಪಿ ತಹವ್ವುರ್ ರಾಣಾನನ್ನು ಅಮೆರಿಕ 2025ರ ಏಪ್ರಿಲ್‌ನಲ್ಲಿ ಕಳಿಸಿಕೊಟ್ಟಿತು. ದಾಳಿ ನಡೆದದ್ದು 2008ರಲ್ಲಿ. ಇಷ್ಟು ತಡ ಯಾಕೆ? ವಿಶ್ವಸಂಸ್ಥೆಯಲ್ಲಿ ಇನ್ನೂ ತಡ. ಭಯೋತ್ಪಾದನೆ ವಿರುದ್ಧ ಎಲ್ಲರಿಗೂ ಒಂದೇ ಒಪ್ಪಂದ ಇರಲಿ ಅಂತ ಭಾರತ 1996ರಲ್ಲೇ ಕರಡು ಕೊಟ್ಟಿದೆ. ಭಯೋತ್ಪಾದಕ ಅಂದರೆ ಯಾರು ಅನ್ನುವ ಜಗಳವೇ ಇನ್ನೂ ಮುಗಿದಿಲ್ಲ. ಭೂತಾನಿನ ರಾಜ ಆ ಜಗಳ ಮುಗಿಯಲಿ ಅಂತ ಕಾಯುತ್ತಾ ಕೂರಲಿಲ್ಲ.

ನಮಸ್ಕಾರ.