ಕೆಲಸ ಹೋದರೂ ಇಎಸ್‌ಐ ಕಾರ್ಡು ಬಿಡಬೇಡಿ

ಕೇಳುಗರಿಗೆಲ್ಲ ನಮಸ್ಕಾರ.

ಪೀಣ್ಯದ ಒಂದು ಕಾರ್ಖಾನೆಯಲ್ಲಿ ಪವರ್ ಪ್ರೆಸ್ ಓಡಿಸುತ್ತಿದ್ದ ನಮ್ಮ ಬೀದಿಯ ಹುಡುಗನೊಬ್ಬ ಬಲಗೈಯ ಮೂರು ಬೆರಳು ಕಳೆದುಕೊಂಡ. ರಾತ್ರಿ ಪಾಳಿ. ಸಿಕ್ಕಿಕೊಂಡ ತಗಡನ್ನು ಸರಿಸಲು ಕೈ ಹಾಕಿದ್ದಾನೆ, ಪ್ರೆಸ್ ಇಳಿದಿದೆ. ಗಾಯ ಮಾಯುವವರೆಗೆ ಕೂಲಿಯ ಶೇಕಡಾ 90ರ ಲೆಕ್ಕದಲ್ಲಿ ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆಯ ಹಣ ಬಂತು. ಆಮೇಲೆ ಕಾರ್ಖಾನೆಯವರು ಕರೆಸಿ, ಲೆಕ್ಕ ಚುಕ್ತಾ ಮಾಡುತ್ತೇವೆ ಎಂದು ಒಂದು ಕಾಗದ ಕೊಟ್ಟರು. ಪುಣ್ಯಕ್ಕೆ ಅವನು ಅಲ್ಲೇ ಸಹಿ ಹಾಕದೆ ನನ್ನ ಹತ್ತಿರ ತಂದ. ಅದರಲ್ಲಿ 'ಸ್ವಂತ ಕಾರಣಗಳಿಂದ ಕೆಲಸ ಬಿಡುತ್ತಿದ್ದೇನೆ' ಎಂದು ಟೈಪಾಗಿತ್ತು.

ಇವತ್ತು ನಾನು ಹೇಳಬೇಕಾಗಿರುವುದು ಆ ಒಂದು ಸಾಲಿನ ಬಗ್ಗೆಯೇ.

ಕೆಲಸ ಹೋದರೆ ಇಎಸ್‌ಐ ಆಸ್ಪತ್ರೆಯ ಬಾಗಿಲೂ ಮುಚ್ಚಿತು ಅಂತ ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಇಎಸ್‌ಐನ 1950ರ ಕೇಂದ್ರ ನಿಯಮಗಳಲ್ಲಿ 60ನೆಯದನ್ನು ನೋಡಿ. ಕೆಲಸದಲ್ಲಾದ ಪೆಟ್ಟಿನಿಂದ ಶಾಶ್ವತವಾಗಿ ಊನವಾಗಿ, ಅದೇ ಕಾರಣಕ್ಕೆ ಕೆಲಸ ಬಿಟ್ಟವರು ತಿಂಗಳಿಗೆ 10 ರೂಪಾಯಿಯಂತೆ ವರ್ಷದ 120 ರೂಪಾಯಿ ಮುಂಗಡವಾಗಿ ಕಟ್ಟಿದರೆ, ಅವರಿಗೂ ಅವರ ಹೆಂಡತಿ ಅಥವಾ ಗಂಡನಿಗೂ ಚಿಕಿತ್ಸೆ ಮುಂದುವರಿಯುತ್ತದೆ. ಅಪಘಾತವೇ ಆಗದಿದ್ದರೆ ಯಾವ ವಯಸ್ಸಿಗೆ ನಿವೃತ್ತರಾಗುತ್ತಿದ್ದರೋ ಅಲ್ಲಿಯವರೆಗೆ. ವರ್ಷಕ್ಕೆ ನೂರಿಪ್ಪತ್ತೇ ರೂಪಾಯಿ! ಇದನ್ನು ಆ ಹುಡುಗನಿಗೆ ಯಾರೂ ಹೇಳಿರಲಿಲ್ಲ. ಅದೇ ನನ್ನ ಹೊಟ್ಟೆ ಉರಿ.

ಆದರೆ ಊನದಿಂದಲೇ ಕೆಲಸ ಹೋಯಿತು ಎಂಬುದಕ್ಕೆ ಪುರಾವೆ ಬೇಕು. ನೀವೇ 'ಸ್ವಂತ ಕಾರಣ' ಅಂತ ಬರೆದು ಸಹಿ ಹಾಕಿ ಬಂದರೆ ನಾಳೆ ಇಎಸ್‌ಐ ಶಾಖಾ ಕಚೇರಿಯಲ್ಲಿ ಏನು ತೋರಿಸುತ್ತೀರಿ? ನಾವು ಆ ಕಾಗದ ವಾಪಸು ಕಳಿಸಿದೆವು. ಎರಡು ವಾರ ಓಡಾಡಿದ ಮೇಲೆ 'ಕೆಲಸದ ವೇಳೆ ಆದ ಅಪಘಾತದಿಂದ ಬಲಗೈ ಊನವಾಗಿ, ಈ ಕೆಲಸ ಮುಂದುವರಿಸಲಾಗದೆ' ಎಂದು ತಿದ್ದಿಸಿಕೊಂಡೆವು. ಅಪಘಾತದ ವರದಿ, ಊನ ಶೇಕಡಾ ಎಷ್ಟೆಂದು ಹೇಳುವ ಮೆಡಿಕಲ್ ಬೋರ್ಡಿನ ತೀರ್ಮಾನ, ಎರಡರ ಪ್ರತಿಯನ್ನೂ ಜೊತೆಗಿಟ್ಟೆವು.

ಬೋರ್ಡು ಕೊಡುವ ಶೇಕಡಾವಾರಿನ ಮೇಲೆ ಬರುವ ಮಾಸಿಕ ಹಣವೇ ಬೇರೆ, ಈ ಚಿಕಿತ್ಸೆಯೇ ಬೇರೆ. ಒಂದು ಸಿಕ್ಕಿತಲ್ಲ ಅಂತ ಇನ್ನೊಂದನ್ನು ಬಿಡಬೇಡಿ. ಮಕ್ಕಳು ಮಾತ್ರ ಈ 120 ರೂಪಾಯಿಯೊಳಗೆ ಬರುವುದಿಲ್ಲ. ಮನೆಯಲ್ಲಿ ಬಿಪಿಎಲ್ ಕಾರ್ಡಿದ್ದರೆ ಅವರಿಗಾಗಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಿದೆ, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ.

ಇಎಸ್‌ಐ ಅಲ್ಲದೆ, ಕಂಪನಿ ನೌಕರರೆಲ್ಲರಿಗೂ ಒಟ್ಟಿಗೆ ಮಾಡಿಸುವ ಆರೋಗ್ಯ ವಿಮೆಯ ಗ್ರೂಪ್ ಪಾಲಿಸಿಯಲ್ಲಿದ್ದವರಿಗೂ ಒಂದು ಮಾತು. ಕೊನೆಯ ದಿನ ಬರುವ ಮುಂಚೆಯೇ, ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಡಿ ಎಂದು ಬರವಣಿಗೆಯಲ್ಲಿ ಕೇಳಿ. ಪೆಟ್ಟಾದ ಮೈಗೆ ಹೊಸದಾಗಿ ಪಾಲಿಸಿ ಮಾಡಿಸುವುದು ಕಷ್ಟ. ಹೀಗೆ ಬದಲಾಯಿಸಿಕೊಂಡರೆ, ಕೆಲವು ಕಾಯಿಲೆಗಳಿಗೆ ವಿಮೆಯ ಹಣ ಸಿಗುವ ಮುಂಚೆ ಕಾಯಬೇಕಾದ ಅವಧಿಯಲ್ಲಿ ಈಗಾಗಲೇ ಕಳೆದ ವರ್ಷಗಳು ಲೆಕ್ಕಕ್ಕೆ ಬರುತ್ತವೆ.

ನಮ್ಮ ಹುಡುಗ ಈಗ ಅಣ್ಣನ ಅಂಗಡಿಯಲ್ಲಿ ಕೂರುತ್ತಾನೆ. ಚಳಿಗೆ ಕೈ ಜೋಮು ಹಿಡಿದಾಗ ಡಿಸ್ಪೆನ್ಸರಿಗೆ ಹೋಗಿ ಬರುತ್ತಾನೆ. 120 ರೂಪಾಯಿಯ ರಸೀದಿಯನ್ನು ಅವನ ಹೆಂಡತಿ ರೇಷನ್ ಕಾರ್ಡಿನ ಜೊತೆ ಒಂದೇ ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಮುಂದಿನ ಕಂತಿನ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಸುತ್ತಿಟ್ಟಿದ್ದಾಳೆ.

ನಮಸ್ಕಾರ.